ಪೂರ್ಣಯ್ಯನ ನಾಲೆಯ ಜಾಡಿನಲ್ಲಿ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹುಟ್ಟಿ, 34 ವರ್ಷ ಉಪಾಧ್ಯಾಯರಾಗಿ ದುಡಿದು, ನಿವೃತ್ತಿಯ ನಂತರ ಮೈಸೂರಿನ ಪಶ್ಚಿಮ ದಿಕ್ಕಿನ ಬಡಾವಣೆಯೊಂದರಲ್ಲಿ ಮಗನ ಮನೆಯಲ್ಲಿ ನೆಲೆಸಿರುವ ಹಿರಿಯರೊಬ್ಬರಿದ್ದಾರೆ. ಊರಿನಲ್ಲಿಯೂ ಮೈಸೂರಿನಲ್ಲಿಯೂ ಅವರು ಎಲ್ಲರಿಗೂ ಮೇಷ್ಟ್ರೇ. ಬೆಳಗಿನ ಜಾವ ಎದ್ದು, ಮಿಂದು, ಇಷ್ಟಲಿಂಗ ಪೂಜೆಯನ್ನು ಮುಗಿಸಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಬರುವುದು ಅವರ ನಿತ್ಯನೇಮ. ಮಹಾಕವಿ ಕುವೆಂಪು ಅವರು ನಡೆದಾಡಿದ ದಂಡೆ ಅದು. ಅವರೇ ಹೆಸರಿಟ್ಟ ಮಾನಸಗಂಗೋತ್ರಿ ಅದರ ಪಕ್ಕದಲ್ಲಿದೆ.

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರು ಏರಿಯ ಮೇಲೆ ನಿಂತು, ಇಳಿದುಹೋದ ನೀರನ್ನೂ ಅಂಚಿನಲ್ಲಿ ಬಿರುಕು ಬಿಟ್ಟ ಕೆಸರನ್ನೂ ನೋಡುತ್ತ, ಜೊತೆಯಲ್ಲಿದ್ದವರನ್ನು ಒಂದು ಮಾತು ಕೇಳಿದರು: “ಈ ಕೆರೆಗೆ ನೀರು ಬರುವುದು ಎಲ್ಲಿಂದ?” ಹತ್ತಾರು ವರ್ಷಗಳಿಂದ ಅಲ್ಲಿ ನಡೆಯುತ್ತಿರುವವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮಳೆ ಬಂದರೆ ತುಂಬುತ್ತದೆ ಎಂದರು ಒಬ್ಬರು. ವಿಶ್ವವಿದ್ಯಾನಿಲಯದಲ್ಲಿ ನೌಕರಿ ಮಾಡಿ ನಿವೃತ್ತರಾಗಿದ್ದ ಇನ್ನೊಬ್ಬರು ಮಾತ್ರ, “ಪೂರ್ಣಯ್ಯನ ನಾಲೆ ಅಂತ ಒಂದಿತ್ತು ಮೇಷ್ಟ್ರೇ. ಈಗ ಇಲ್ಲ” ಎಂದರು.

“ಈಗ ಇಲ್ಲ” ಎಂಬ ಮಾತು ಮೇಷ್ಟ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮನುಷ್ಯ ಇಲ್ಲವಾಗುತ್ತಾನೆ, ಮನೆ ಇಲ್ಲವಾಗುತ್ತದೆ. ನೆಲದ ಇಳಿಜಾರು ಇಲ್ಲವಾಗುವುದು ಹೇಗೆ?

ಈ ಪ್ರಶ್ನೆಯ ಬೀಜ ಸಿಂಧಘಟ್ಟದ್ದು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಆ ಊರಿನಲ್ಲಿ ಮೇಷ್ಟ್ರ ಬಾಲ್ಯ ಕಳೆದದ್ದು ಶಾಲೆಯಲ್ಲಿ ಅರ್ಧ, ಕೆರೆಯ ಏರಿಯ ಮೇಲೆ ಅರ್ಧ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬನ್ನು ಎತ್ತಿ ಇಳಿಸಿ, ಗದ್ದೆಗದ್ದೆಗೂ ನೀರನ್ನು ಹಂಚುವ ಹೊಣೆ ನೀರುಗಂಟಿಯದು. ಆತ ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನ ಕಣದಿಂದಲೂ ಅವನಿಗೆ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ನಿರ್ಧರಿಸುವವನು ಅವನಾದರೂ ಅವನಿಗೆ ಸ್ವಂತ ಗದ್ದೆ ಇರುತ್ತಿದ್ದುದು ಅಪರೂಪ. ಬಹುಶಃ ಆ ಕಾರಣಕ್ಕೇ ಅವನ ಮಾತನ್ನು ಊರು ನಂಬುತ್ತಿತ್ತು. ಸಿಂಧಘಟ್ಟದ ಮುದಿ ನೀರುಗಂಟಿ ಮಳೆಗಾಲಕ್ಕೆ ಮುಂಚೆ ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಕೆರೆಗೆ ಬೆನ್ನು ಹಾಕಿ ಮೇಲಕ್ಕೆ ನಡೆಯುತ್ತಿದ್ದ. ಹಿಂದೆ ಹಿಂದೆ ಓಡಿ ಬರುತ್ತಿದ್ದ ಹುಡುಗನಿಗೆ ಅವನು ಹೇಳುತ್ತಿದ್ದುದು ಇಷ್ಟೇ: “ಕೆರೆ ನೋಡ್ಬ್ಯಾಡ ಮಗ. ಕೆರೆಗೆ ನೀರ್ ಬರೋ ದಾರಿ ನೋಡು.” ಬಿದ್ದ ಕೊಂಬೆ, ಕುಸಿದ ಮಣ್ಣು, ಯಾರೋ ಎಳೆದು ಹಾಕಿದ ಬೇಲಿ, ಎಲ್ಲವನ್ನೂ ತೆಗೆದು ಸರಿಸುತ್ತ ಅವನು ಸಂಜೆಯವರೆಗೆ ನಡೆಯುತ್ತಿದ್ದ. ಓದು ಬರಹ ಬಾರದ ಆ ವ್ಯಕ್ತಿ ತಮ್ಮ ಮೊದಲ ಭೂಗೋಳದ ಗುರು ಎಂದು ಮೇಷ್ಟ್ರು ಇಂದಿಗೂ ಹೇಳುತ್ತಾರೆ.

ಹೀಗೆ, ಬೇಸಿಗೆ ರಜೆಯಲ್ಲಿದ್ದ, ಒಂಬತ್ತನೆಯ ತರಗತಿ ಮುಗಿಸಿದ ಮೊಮ್ಮಗನನ್ನು ಜೊತೆ ಮಾಡಿಕೊಂಡು, ಪೂರ್ಣಯ್ಯನ ನಾಲೆಯನ್ನು ಹುಡುಕಿ ನಡೆಯಬೇಕೆಂದು ಅವರು ಸಂಕಲ್ಪ ಮಾಡಿದರು. ಹೊರಡುವ ಮುನ್ನ ಆ ನಾಲೆಯ ಕಥೆಯನ್ನು ತಕ್ಕಮಟ್ಟಿಗೆ ಓದಿಕೊಂಡರು. ಅದು ಸೋಲಿನ ಕಥೆ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಹೈದರ್ ಅಲಿ ಮತ್ತು ಟಿಪ್ಪು ಇಬ್ಬರ ಬಳಿಯೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರು ದಿವಾನರಾಗಿ ಮುಂದಿನ ಸುಮಾರು 12 ವರ್ಷ ಆಡಳಿತ ನಡೆಸಿದರು. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದಿತು. ಶ್ರೀರಂಗಪಟ್ಟಣವೆಂದರೆ ಸುತ್ತಲೂ ಕಾವೇರಿ ಹರಿಯುವ ದ್ವೀಪ. ಅಲ್ಲಿಗೆ 17ನೆಯ ಶತಮಾನದಲ್ಲಿಯೇ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಯನ್ನು ಹೊಳೆಯ ಕವಲಿನ ಮೇಲಿಂದ ಮೇಲ್ಗಾಲುವೆ ಕಟ್ಟಿ ತಂದಿದ್ದರು. ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಚಿಕ್ಕದೇವರಾಜ ಸಾಗರ ನಾಲೆಯೂ ವಿರಿಜಾ ನಾಲೆಯೂ ಇಂದಿಗೂ ಆ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿವೆ. ಮೈಸೂರಿಗಾದರೋ ಹೊಳೆಯೇ ಇಲ್ಲ, ಇದ್ದುದು ಕೆರೆ ಮತ್ತು ಬಾವಿ. ಕಾವೇರಿಯನ್ನು ಶ್ರೀರಂಗಪಟ್ಟಣದ ದ್ವೀಪದೊಳಕ್ಕೆ ಕರೆತಂದವರಿಗೆ ಮೈಸೂರಿಗೂ ಕರೆತರಬಹುದು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಇಂದಿಗೂ ನಿಂತಿರುವ ಕಲ್ಲಿನ ಸೇತುವೆಯನ್ನು ಕಟ್ಟಿಸಿದ ದಿವಾನರು ಈ ನಾಲೆಯನ್ನೂ ಅಗೆಸಿದರು. ಮೈಸೂರಿನ ಮೂಲಕ ನಂಜನಗೂಡಿನವರೆಗೂ ನೀರನ್ನು ಒಯ್ಯಬೇಕೆಂಬುದು ಉದ್ದೇಶವಾಗಿತ್ತು.

ಕಾವೇರಿ ಬರಲಿಲ್ಲ.

ಏಕೆ ಬರಲಿಲ್ಲವೆಂಬುದನ್ನು ಅರಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. 1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಕೆಲಸದಿಂದ ಎದ್ದು ನಿಂತ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಅದರ ನೀರಿನ ಮಟ್ಟ ಸುಮಾರು 752 ಮೀಟರ್. ಇಂದಿನ ಆ ಮಹಾಸಾಗರವೇ ತುಂಬಿ ತುಳುಕಿದರೂ ತಾನಾಗಿ ಹರಿದು ಮೈಸೂರಿಗೆ ಬರಲಾರದು. ಪೂರ್ಣಯ್ಯನವರ ಕಾಲದಲ್ಲಿ ಕಟ್ಟೆಯೂ ಇರಲಿಲ್ಲ, ಹೊಳೆ ಇನ್ನೂ ಕೆಳಗೆ ತನ್ನ ಪಾತ್ರದಲ್ಲಿ ಹರಿಯುತ್ತಿತ್ತು. ಬಹಳ ಮೇಲಿನಿಂದ, ಕೂದಲೆಳೆಯಷ್ಟು ಇಳಿಜಾರಿನಲ್ಲಿ, ದಿಬ್ಬಗಳನ್ನು ಸೀಳಿಕೊಂಡು ತರಬೇಕಾಗಿತ್ತು. ಕಡೆಗೆ ಕಾವೇರಿ ನೀರು ಮೈಸೂರಿಗೆ ಬಂದದ್ದು 1896ರಲ್ಲಿ, ಬೆಳಗೊಳದಿಂದ, ಯಂತ್ರದ ಬಲದಿಂದ ಮೇಲೆತ್ತಿ, ಕೊಳವೆಯಲ್ಲಿ. ದಿವಾನರ ಆಜ್ಞೆ ಮನುಷ್ಯರ ಮೇಲೆ ನಡೆಯಿತು, ಅಗೆಯಿರಿ ಎಂದರೆ ಅಗೆದರು. ನೀರು ಆಜ್ಞೆಯನ್ನು ಕೇಳುವುದಿಲ್ಲ, ಇಳಿಜಾರನ್ನು ಮಾತ್ರ ಕೇಳುತ್ತದೆ.

ಮೇಷ್ಟ್ರೂ ಮೊಮ್ಮಗನೂ ಮೊದಲ ದಿನ ಹೋದದ್ದು ಪೇಟೆಗೆ. ಏಕೆಂದರೆ ಆ ಒಣ ನಾಲೆಯ ಒಂದು ಭಾಗ ಊರಿನ ನಡುವೆಯೇ ಹಾದುಹೋಗಿತ್ತು. ನೀರು ಬಾರದ ಆಳವಾದ ಹೊಂಡದಲ್ಲಿ ಕಾಲಾಂತರದಲ್ಲಿ ಊರಿನ ಕೊಳಕೆಲ್ಲ ಸೇರಿ, ಅದು ರೋಗದ ತವರಾಯಿತೆಂದು 19ನೆಯ ಶತಮಾನದ ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಬರೆದಿದ್ದಾರೆ. 1886ರಲ್ಲಿ ಅದನ್ನು ಮುಚ್ಚುವ ಕೆಲಸ ನಡೆದು, ಮೇಲೆ ಅಗಲವಾದ ರಸ್ತೆಯಾಯಿತು. ಬರೋಡದ ಮಹಾರಾಜರ ಹೆಸರಿನ ಸಯ್ಯಾಜಿರಾವ್ ರಸ್ತೆ ಅದೇ. ದೇವರಾಜ ಮಾರುಕಟ್ಟೆಯ ಮುಂದೆ ನಿಂತು ಮೇಷ್ಟ್ರು ಇದನ್ನು ಹೇಳಿದಾಗ ಹುಡುಗ ನಂಬಲಿಲ್ಲ. “ತಾತ, ಹಾಗಾದ್ರೆ ದಸರಾದಲ್ಲಿ ಅಂಬಾರಿ ಹೋಗೋದು ನಾಲೆ ಮೇಲಾ?” ಎಂದ. ಹೌದು, ವಿಜಯದಶಮಿಯಂದು ಚಿನ್ನದ ಅಂಬಾರಿ ಹೊತ್ತ ಆನೆ ಬನ್ನಿಮಂಟಪಕ್ಕೆ ನಡೆಯುವುದು ಮುಚ್ಚಿಹೋದ ಆ ಸೋಲಿನ ಮೇಲೆಯೇ. ಲಕ್ಷಾಂತರ ಜನ ಇಕ್ಕೆಲದಲ್ಲಿ ನಿಂತು ನೋಡುತ್ತಾರೆ. ಕಾಲ ಕೆಳಗಿನದನ್ನು ನೆನೆಯುವವರು ವಿರಳ.

ಊರಾಚೆಯ ಭಾಗದ ಗತಿ ಬೇರೆ. ಹೊಳೆಯ ನೀರು ಬಾರದಿದ್ದರೂ ಅಗೆದ ಅಗಳು ಸುಮ್ಮನೆ ಬಿದ್ದಿರಲಿಲ್ಲ. ಮಳೆ ಬಂದಾಗ ಪಶ್ಚಿಮದ ಬಾರೆಗಳಿಂದ ಇಳಿದು ಬರುವ ನೀರನ್ನೆಲ್ಲ ಅದು ಅಡ್ಡಗಟ್ಟಿ ಹಿಡಿಯುತ್ತಿತ್ತು. 1864ರಲ್ಲಿ, ಅದೇ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕುಕ್ಕರಹಳ್ಳಿ ಕೆರೆ ನಿರ್ಮಾಣವಾದ ಮೇಲೆ ಈ ನಾಲೆ ಆ ಕೆರೆಗೆ ಮಳೆನೀರನ್ನು ತರುವ ದಾರಿಯಾಯಿತು. ಕಾವೇರಿಗಾಗಿ ಅಗೆದದ್ದು ಬಾನ ನೀರಿಗೆ ಒದಗಿತು. ದಿವಾನರು 1812ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಸೋತ ಕೆಲಸ ಹೀಗೆ ಬಳಕೆಗೆ ಬಂದದ್ದನ್ನು ಅವರು ಕಾಣಲಿಲ್ಲ.

ಶೂನ್ಯಸಂಪಾದನೆಯನ್ನು ಓದಿದವರಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದಿರದು. ಸೊನ್ನಲಿಗೆಯಲ್ಲಿ ಸಿದ್ಧರಾಮರು ಸಹಸ್ರಾರು ಜನರನ್ನು ಸೇರಿಸಿ ಕೆರೆ ತೋಡಿಸುತ್ತಿರುವಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಅವರನ್ನು ‘ಒಡ್ಡರಾಮ’ನೆಂದು ಕೂಗಿ ಕೆಣಕುತ್ತಾರೆ. ಕೆರೆ ತೋಡುವುದು ತಪ್ಪೆಂದು ಪ್ರಭುಗಳ ಅಭಿಪ್ರಾಯವೆಂದು ಕೆಲವರು ತಿಳಿಯುತ್ತಾರೆ. ಹಾಗೆ ತಿಳಿಯುವುದು ಸರಿಯಲ್ಲ. ತೋಡುತ್ತಿರುವವನು ಯಾರು, ತೋಡುತ್ತಿರುವುದು ತನ್ನ ಹೆಸರಿಗೋ ನೀರಿಗೋ ಎಂಬುದು ಅಲ್ಲಿನ ಪ್ರಶ್ನೆ. ಸಿದ್ಧರಾಮರು ಆ ಪ್ರಶ್ನೆಯನ್ನು ಎದುರಿಸಿದರು. ಅವರ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಮೇಷ್ಟ್ರು ಈ ಪ್ರಸಂಗವನ್ನು ಗೋಷ್ಠಿಗಳಲ್ಲಿ ಎಷ್ಟೋ ಬಾರಿ ವಿವರಿಸಿದವರು. ಆ ಪ್ರಶ್ನೆ ತಮ್ಮ ಮನೆಯ ಹಿತ್ತಿಲಿಗೆ ಬಂದು ನಿಲ್ಲುವುದೆಂದು ಅವರು ಎಣಿಸಿರಲಿಲ್ಲ.

ಎರಡನೆಯ ದಿನ ಕೆರೆಯಿಂದ ಮೇಲಕ್ಕೆ ನಡೆಯಲು ಪ್ರಯತ್ನಿಸಿದರು. ಅರ್ಧ ಗಂಟೆಯೊಳಗೆ ಜಾಡು ತಪ್ಪಿತು. ರಸ್ತೆ, ಮೋರಿ, ಮನೆಗಳ ಸಾಲು, ಮತ್ತೆ ರಸ್ತೆ. ಆಗ ಮೇಷ್ಟ್ರಿಗೆ ನೀರುಗಂಟಿಯ ರೀತಿ ಹೊಳೆಯಿತು. ಕಳೆದುಹೋದ ಕಾಲುವೆಯನ್ನು ಕೆಳಗಿನಿಂದ ಹುಡುಕಬಾರದು. ಮೇಲೆ ಎಲ್ಲಿ ಅದು ಇನ್ನೂ ಕಾಲುವೆಯಾಗಿಯೇ ಉಳಿದಿದೆಯೋ ಅಲ್ಲಿಗೆ ಹೋಗಿ, ನೀರಿನ ಜೊತೆಯಲ್ಲಿ ಇಳಿದು ಬರಬೇಕು. ಮೂರನೆಯ ದಿನ ಬುತ್ತಿ ಕಟ್ಟಿಸಿಕೊಂಡು ಇಲವಾಲದ ಕಡೆಗೆ ಬಸ್ಸು ಹತ್ತಿದರು. ಇಲವಾಲವೆಂದರೆ 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯ ಬಗ್ಗೆ ಪ್ರಧಾನಿ ನೆಹರೂ ಅವರೂ ಭಾಗವಹಿಸಿದ ರಾಷ್ಟ್ರೀಯ ಪರಿಷತ್ತು ನಡೆದ ಊರು. ಭೂಮಿಯನ್ನು ಬಿಟ್ಟುಕೊಡಿ ಎಂದು ದೇಶಕ್ಕೆ ಕರೆ ಹೋದ ಆ ಊರಿನ ರಸ್ತೆಯ ಇಕ್ಕೆಲದಲ್ಲೂ ಈಗ ನಿವೇಶನಗಳ ಫಲಕಗಳೇ.

ಊರಾಚೆಯ ಹೊಲಗಳ ನಡುವೆ ಕಾಲುವೆ ಸಿಕ್ಕಿತು. ಮೊದಲು ಹುಡುಗನಿಗೆ ಅದು ಕಾಲುವೆಯೆಂದು ತಿಳಿಯಲೇ ಇಲ್ಲ. ಲಂಟಾನ ಮತ್ತು ಜಾಲಿ ತುಂಬಿದ ಒಂದು ತಗ್ಗು, ಅಷ್ಟೆ. ಮೇಷ್ಟ್ರು ತೋರಿಸಿದರು: ಹಳ್ಳವಾದರೆ ಇಳಿಜಾರಿಗೆ ನೇರವಾಗಿ ಓಡುತ್ತದೆ, ಇದು ಇಳಿಜಾರಿಗೆ ಅಡ್ಡವಾಗಿ, ಬಾರೆಯ ಮೈಯನ್ನು ಬಳಸಿಕೊಂಡು ಹೋಗುತ್ತಿದೆ. ಹಳ್ಳಕ್ಕೆ ಎರಡು ದಡ. ಇದಕ್ಕೆ ಏರಿ ಇರುವುದು ತಗ್ಗಿನ ಕಡೆ ಮಾತ್ರ, ಮೇಲಿನ ಕಡೆ ತೆರೆದಿದೆ, ಹೊಲದ ನೀರು ಒಳಗೆ ಇಳಿಯಲೆಂದು. ಏರಿಯ ಮೇಲೆ ಹೊಂಗೆ ಮರಗಳು ಅಲ್ಲಲ್ಲಿ ಸಾಲು ಹಿಡಿದಿದ್ದವು. ಆ ಸಾಲನ್ನು ಕಣ್ಣಿನಲ್ಲಿ ಹಿಡಿದರೆ ಮುಂದಿನ ದಾರಿ ತಾನಾಗಿ ಕಾಣುತ್ತಿತ್ತು. ಒಂದೆಡೆ ತಳ ಎರಡಾಳು ಆಳ; ಗೋಡೆಯಂತೆ ಕಡಿದ ಗಟ್ಟಿ ಗೊರಚು ಮಣ್ಣು. ಅದನ್ನು ಕಡಿದ ಕೈಗಳು ಯಾರವು, ಅವರಿಗೆ ದಿನಕ್ಕೆ ಏನು ಸಿಕ್ಕಿತು, ನೀರು ಬಾರದಾಗ ಅವರೇನೆಂದರು, ಯಾವ ಪುಸ್ತಕವೂ ಹೇಳುವುದಿಲ್ಲ. ನಾಲೆಗೆ ದಿವಾನರ ಹೆಸರು ಉಳಿದಿದೆ.

ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರೊಬ್ಬರು ಎದುರಾದರು. ಕೈಯಲ್ಲಿ ಕಾಗದ ಹಿಡಿದ ಮುದುಕರನ್ನೂ ಮೊಬೈಲು ಹಿಡಿದ ಹುಡುಗನನ್ನೂ ನೋಡಿ, “ಏನ್ ಸ್ವಾಮಿ, ಸರ್ವೆಯವ್ರಾ?” ಎಂದರು. ಅಲ್ಲವೆಂದು ತಿಳಿದ ಮೇಲೆ ಮುಖದಲ್ಲಿ ನಗೆ ಬಂದಿತು. “ನಾಲೆ ತಾನೇ? ನಮ್ಮಪ್ಪನ ಕಾಲ್ದಲ್ಲಿ ಇದ್ರಲ್ಲಿ ಎತ್ತು ಮೈತೊಳೀತಿದ್ವು. ಮ್ಯಾಲೆ ಬೀಳೋ ಮಳೆ ಈಗ್ಲೂ ಬಿದ್ದೇ ಬೀಳ್ತದೆ. ಹೋಗಕ್ಕೆ ಜಾಗ ಇಲ್ದೆ ನಮ್ ಹೊಲದಾಗೆ ನಿಂತ್ಕೋತದೆ” ಎಂದರು. ಮೇಷ್ಟ್ರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಈ ಮಾತನ್ನು ಬರೆದುಕೊಂಡರು.

ಹಿನಕಲ್ ಆಸುಪಾಸಿಗೆ ಬರುವಷ್ಟರಲ್ಲಿ ಕಾಲುವೆಯ ಚಹರೆ ಬದಲಾಗಿತ್ತು. ಒಂದೆಡೆ ಕಟ್ಟಡದ ಅವಶೇಷಗಳ ರಾಶಿ, ಇನ್ನೊಂದೆಡೆ ಕಪ್ಪು ನೀರು ನಿಂತ ಮಡು, ಅದರಾಚೆ ಸಪಾಟು ಮಾಡಿದ ನಿವೇಶನಗಳ ಮೂಲೆಕಲ್ಲುಗಳು. ಬಡ ಮನೆಯೊಂದರ ಮುಂದೆ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳೊಬ್ಬಳು ಇವರನ್ನು ಕಂಡೊಡನೆ ಎದ್ದು ನಿಂತು, “ಸಾರ್, ಮನೆ ಒಡೀತಾರಾ?” ಎಂದು ಕೇಳಿದಳು. ಮೇಷ್ಟ್ರು, “ಇಲ್ಲಮ್ಮ, ನಾವು ಸುಮ್ಮನೆ ನಡೆಯೋಕೆ ಬಂದವರು” ಎಂದರು. ಆಕೆ ನಂಬಲಿಲ್ಲ. ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಮುಚ್ಚಿದ ಸದ್ದು ಸಂಜೆಯವರೆಗೂ ಅವರ ಕಿವಿಯಲ್ಲಿತ್ತಂತೆ. ನೀರಿನ ದಾರಿಯಲ್ಲಿ ಮನೆ ಕಟ್ಟಿದವರಲ್ಲಿ ಎಲ್ಲರೂ ಒಂದೇ ಅಲ್ಲವೆಂಬುದನ್ನು ಒತ್ತುವರಿಯ ಬಗ್ಗೆ ಬರೆಯುವವರೂ ಮಾತನಾಡುವವರೂ ಹಲವೊಮ್ಮೆ ಮರೆಯುತ್ತಾರೆ. ಬೇರೆಲ್ಲೂ ಜಾಗ ಸಿಗದೆ ಬಂದವರಿದ್ದಾರೆ, ಅಗ್ಗಕ್ಕೆ ಸಿಕ್ಕಿತೆಂದು ಬಂದವರೂ ಇದ್ದಾರೆ.

ಅಲ್ಲಿಂದ ಮುಂದೆ ಮೊಬೈಲಿನ ನಕ್ಷೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಮೇಷ್ಟ್ರು ಮೊದಲೇ ಗ್ರಾಮ ನಕ್ಷೆಯ ಪ್ರತಿಯನ್ನು ಪಡೆದಿದ್ದರು. ಅದರಲ್ಲಿ ಜಮೀನುಗಳ ಸರ್ವೆ ನಂಬರುಗಳ ನಡುವೆ ಎರಡು ತೆಳು ಗೆರೆ ಹಾವಿನಂತೆ ಹರಿದಿತ್ತು: ಯಾರ ಸ್ವತ್ತೂ ಅಲ್ಲದ, ಸರ್ಕಾರಕ್ಕೆ ಸೇರಿದ, ಕಾಲುವೆಯೆಂದು ಬಿಟ್ಟ ‘ಬಿ’ ಖರಾಬು. ಹುಡುಗ ಆ ಗೆರೆಯನ್ನು ಹಿಡಿದು ಬೀದಿ ಬೀದಿಯಲ್ಲಿ ಮುಂದೆ ಮುಂದೆ ನಡೆದ. ಒಂದು ಹೊಂಗೆ ಮರ, ಅದರಾಚೆ ಮತ್ತೊಂದು, ನಡುವೆ ಮನೆಗಳು. ಬೆಳಕು ಇಳಿಯುವ ಹೊತ್ತಿಗೆ ಒಂದು ಕಾಂಪೌಂಡಿನ ಮುಂದೆ ನಿಂತು, ನಕ್ಷೆಯನ್ನು ತಿರುಗಿಸಿ ಮತ್ತೆ ನೋಡಿ, “ತಾತ, ಇದು ನಮ್ಮನೆ ಹಿಂದ್ಗಡೆ ಗೋಡೆ ಅಲ್ವಾ?” ಎಂದ.

ಹೌದಾಗಿತ್ತು. ಹಿತ್ತಿಲ ಮೂಲೆಯಲ್ಲಿ ಪ್ರತಿ ಮಳೆಗಾಲದಲ್ಲಿಯೂ ತೇವ ಹತ್ತುತ್ತಿದ್ದ, ಎರಡು ಸಲ ಬಿರುಕು ಬಿಟ್ಟು ಎರಡು ಸಲವೂ ಸಿಮೆಂಟು ಮೆತ್ತಿದ ಗೋಡೆ ಅದೇ. ಮನೆ ಕಾಲುವೆಯ ಮೇಲಿರಲಿಲ್ಲ, ಏರಿಯ ಪಕ್ಕಕ್ಕಿತ್ತು. ಹಿತ್ತಿಲು, ಮಲ್ಲಿಗೆ ಚಪ್ಪರ ಮತ್ತು ಬಟ್ಟೆ ಒಗೆಯುವ ಕಲ್ಲು ಕಾಲುವೆಯ ಒಳಗಿದ್ದವು.

ಆ ರಾತ್ರಿ ಮೇಷ್ಟ್ರು ಸರಿಯಾಗಿ ಉಣ್ಣಲಿಲ್ಲ. ಸೊಸೆ, “ಬಿಸಿಲಲ್ಲಿ ನಡೆದು ಆಯಾಸವಾಗಿರಬೇಕು ಮಾವ” ಎಂದು ಮಜ್ಜಿಗೆ ತಂದಿಟ್ಟಳು. ಆಯಾಸವಲ್ಲ. 2006ರಲ್ಲಿ ಆ ನಿವೇಶನವನ್ನು ಕೊಳ್ಳುವಾಗ ನಿವೃತ್ತಿಯ ಹಣವನ್ನು ಕೊಟ್ಟವರು ಅವರೇ, ನೆಲವನ್ನು ನೋಡಲು ಬಂದವರೂ ಅವರೇ. ಆಗ ಅಲ್ಲಿ ತಗ್ಗಿತ್ತು, ಒಂದು ಕಡೆಗೆ ಮಾತ್ರ ಏರಿಯಿತ್ತು, ಹೊಂಗೆಯ ಸಾಲಿತ್ತು. ನೀರುಗಂಟಿಯ ಹಿಂದೆ ನಡೆದ ಹುಡುಗನಿಗೆ ಅದೇನೆಂದು ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ಕೇಳಿದ್ದರು ಕೂಡ. ಮಾರಾಟ ಮಾಡಿಸಿದವನು, “ಹಳೇ ಹಳ್ಳ ಸಾರ್, ಈಗ ನೀರು ಬರಲ್ಲ” ಎಂದಿದ್ದ. ಪಕ್ಕದ ನಿವೇಶನಗಳಿಗಿಂತ ಬೆಲೆ ಕಡಿಮೆಯಿತ್ತು. ಅವರು ಮತ್ತೆ ಕೇಳಲಿಲ್ಲ. 18 ವರ್ಷ ಅದನ್ನು ನೆನೆಯಲೂ ಇಲ್ಲ. ಶರಣರ ನಡೆ ನುಡಿಗಳ ಬಗ್ಗೆ ಮಕ್ಕಳಿಗೆ ಹೇಳುತ್ತ ಬಂದವರಿಗೆ ಆ ಒಂದು ಸಂಜೆಯ ಮೌನ ಈಗ ಗೋಡೆಯಾಗಿ ಎದುರಿಗೆ ನಿಂತಿತ್ತು.

ಮರುದಿನ ಮಗನೊಡನೆ ಮಾತಾಯಿತು. ಹಿತ್ತಿಲ ಗೋಡೆಯಲ್ಲಿ ಎರಡೂ ಕಡೆ ಕಿಂಡಿ ತೆಗೆಸಿ, ನಡುವೆ ಕಾಲುವೆಯ ತಳವನ್ನು ಮತ್ತೆ ಇಳಿಸಿ, ನೀರಿಗೆ ದಾರಿ ಬಿಡೋಣ ಎಂದರು ಮೇಷ್ಟ್ರು. ಮಗ ಒಳ್ಳೆಯವನು, ತಂದೆಯ ಮಾತನ್ನು ಮೀರಿದವನಲ್ಲ. ಆದರೆ ಅವನ ಭಯಕ್ಕೂ ಅರ್ಥವಿತ್ತು.

“ಅಪ್ಪಾಜಿ, ನಾವು ಕಿಂಡಿ ಬಿಟ್ಟರೆ ಇಲ್ಲಿ ನಾಲೆ ಇತ್ತು ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತೆ. ಮನೆ ಸಾಲ ಇನ್ನೂ ಏಳು ವರ್ಷ ಇದೆ.”

“ಇತ್ತಲ್ಲಪ್ಪ.”

“ಇತ್ತು. ಆದರೆ ಮೇಲಿನವರೂ ಕೆಳಗಿನವರೂ ಬಿಡದೆ ನಾವೊಬ್ಬರೇ ಬಿಟ್ಟರೆ ನೀರು ಎಲ್ಲಿಗೆ ಹೋಗುತ್ತೆ? ನಮ್ಮ ಹಿತ್ತಿಲಲ್ಲೇ ನಿಲ್ಲುತ್ತೆ.”

ಇದಕ್ಕೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿಯಾಗಿ ಇಲ್ಲ. ಒಬ್ಬನ ಗದ್ದೆಯ ಬಳಿ ಮಾತ್ರ ಹೂಳು ತೆಗೆದರೆ ಕಾಲುವೆ ಹರಿಯುವುದಿಲ್ಲವೆಂಬುದು ಸಿಂಧಘಟ್ಟದ ಪ್ರತಿ ಮಗುವಿಗೂ ಗೊತ್ತಿದ್ದ ವಿಷಯ. ಆ ಕಾರಣಕ್ಕೇ ಅಲ್ಲಿ ಅದು ಊರೊಟ್ಟಿನ ಕೆಲಸ, ಮನೆಗೊಂದಾಳು ಬರಬೇಕಿತ್ತು. ಬಡಾವಣೆಗೆ ನೀರುಗಂಟಿಯಿಲ್ಲ. ನೀರು ಕೊಳವೆಯಲ್ಲಿ ಬರುತ್ತದೆ, ಬಾರದಿದ್ದರೆ ಟ್ಯಾಂಕರಿನಲ್ಲಿ ಬರುತ್ತದೆ. ಬೀದಿಯ ಜನ ಒಟ್ಟಾಗಬೇಕಾದ ಸಂದರ್ಭವೇ ಇಲ್ಲ. ಎರಡು ವಾರ ಮನೆಯಲ್ಲಿ ಆ ಮಾತು ಬರಲಿಲ್ಲ. ಮೇಷ್ಟ್ರು ಒತ್ತಾಯಿಸಲಿಲ್ಲ. ಬೆಳಿಗ್ಗೆ ಪೂಜೆಯಾದ ಮೇಲೆ ಕೆರೆಗೆ ಹೋಗುವುದನ್ನು ಬಿಟ್ಟು, ಹಿತ್ತಿಲಲ್ಲಿ ತಮ್ಮಷ್ಟಕ್ಕೆ ತಾವು ಅಗೆಯತೊಡಗಿದರು. ದಿನಕ್ಕೆ ಒಂದು ಗಂಟೆ. 76ರ ವಯಸ್ಸಿನಲ್ಲಿ ಸನಿಕೆ ಹಿಡಿದ ಮಾವನನ್ನು ನೋಡಲಾರದೆ ಸೊಸೆಯೇ ಗಂಡನಿಗೆ, “ಆ ಗೋಡೆಯಿಂದ ನಮಗೆ ಬಂದದ್ದೇನು? ವರ್ಷಾ ವರ್ಷಾ ತೇವ. ತೆಗೆಸಿಬಿಡಿ” ಎಂದಳೆಂದು ತಿಳಿಯುತ್ತದೆ. ಮೇ ತಿಂಗಳ ಕೊನೆಯ ಭಾನುವಾರ ಮಗ ಗಾರೆ ಕೆಲಸದವರನ್ನು ಕರೆಸಿದ. ಮಲ್ಲಿಗೆ ಚಪ್ಪರವನ್ನು ಮುಂಬಾಗಿಲಿಗೆ ವರ್ಗಾಯಿಸಲಾಯಿತು. ಒಗೆಯುವ ಕಲ್ಲು ತಾರಸಿಗೆ ಹೋಯಿತು.

2024ರ ಮುಂಗಾರು ಉದಾರವಾಗಿತ್ತು. ಜುಲೈ ಮುಗಿಯುವುದರೊಳಗೆ ಕನ್ನಂಬಾಡಿ ಕಟ್ಟೆ ತುಂಬಿತು. ಅದಕ್ಕೂ ಮುಂಚೆ ಜೂನ್ ತಿಂಗಳ ಒಂದು ರಾತ್ರಿ ಮೇಲಿನ ಬಯಲಿನಲ್ಲಿ ಬಿದ್ದ ಮಳೆ ಕಂದು ಬಣ್ಣದ ನೀರಾಗಿ, ಪ್ಲಾಸ್ಟಿಕ್ಕು, ತೆಂಗಿನ ಚಿಪ್ಪು, ಹೊಂಗೆಯ ಎಲೆಗಳನ್ನು ಹೊತ್ತು ಮೇಲಿನ ಕಿಂಡಿಯಿಂದ ಹಿತ್ತಿಲಿಗೆ ನುಗ್ಗಿತು, ಕೆಳಗಿನ ಕಿಂಡಿಯಿಂದ ಹೊರಗೆ ಹೋಯಿತು, ಪಕ್ಕದ ಮನೆಯ ಗೋಡೆಗೆ ಬಡಿದು ನಿಂತಿತು. ಮಗ ಹೇಳಿದ್ದೇ ಆಯಿತು. ನೀರು ಹಿಂದಕ್ಕೆ ತಿರುಗಿ ಮೊಳಕಾಲುದ್ದ ಏರಿ, ಓಣಿಗೆ ಹರಿದು, ರಸ್ತೆಯ ಮೋರಿ ಸೇರಿತು. ಪಕ್ಕದ ಮನೆಯ ಯಜಮಾನರು ಬೆಳಿಗ್ಗೆಯೇ ಬಂದು ಗಟ್ಟಿಯಾಗಿ ಮಾತನಾಡಿದರು. ನಿಮಗೆ ಪುಣ್ಯ ಬೇಕಾದರೆ ನಮ್ಮ ಪಾಯದ ಮೇಲೇಕೆ ಎಂದರು. ಮೇಷ್ಟ್ರು ಕೈಮುಗಿದು ತಪ್ಪಾಯಿತೆಂದು ಕೇಳಿಕೊಂಡು, ಮೊಮ್ಮಗನ ಜೊತೆ ಅವರ ಗೋಡೆಯ ಬುಡದ ಕಸವನ್ನೆಲ್ಲ ಬಾಚಿ ತೆಗೆದರು. ಗ್ರಾಮ ನಕ್ಷೆಯನ್ನು ಮಾತ್ರ ಅವರಿಗೆ ತೋರಿಸಲಿಲ್ಲ. ಸರಿ ಯಾರದೆಂದು ಸಾಧಿಸಿ ತೋರಿಸಿದರೆ ಕೆಳಗಿನ ಗೋಡೆಗಳು ಇನ್ನಷ್ಟು ಗಟ್ಟಿಯಾಗುತ್ತವೆ ಎಂಬುದು ಅವರ ಎಣಿಕೆ.

ಆ ಮನೆಯ ಯಜಮಾನರು ದಸರೆಯ ಹೊತ್ತಿಗೆ ತಾವಾಗಿಯೇ ಬಂದು, “ಎಷ್ಟು ಅಗಲ ಬಿಡಬೇಕು ಮೇಷ್ಟ್ರೇ?” ಎಂದು ಕೇಳಿದರು. ಅವರ ಗೋಡೆಗೂ ತೇವ ಹತ್ತುತ್ತಿತ್ತು. ಮೇಷ್ಟ್ರ ಮನೆಯಿಂದ ಕೆಳಗೆ ಆ ಬೀದಿಯಲ್ಲಿ ನಾಲೆಗೆ ಅಡ್ಡವಾಗಿರುವ ಗೋಡೆಗಳು ಏಳು. ಇದುವರೆಗೆ ಕಿಂಡಿ ಬಿದ್ದಿರುವುದು ಎರಡಕ್ಕೆ. ಅವುಗಳಾಚೆ ಮತ್ತೊಂದು ಬೀದಿ, ಮತ್ತೊಂದು ಬಡಾವಣೆ. ಹಿತ್ತಿಲಿನಲ್ಲಿ ಹಾಯ್ದ ನೀರು ಕುಕ್ಕರಹಳ್ಳಿ ಕೆರೆಯನ್ನು ಇನ್ನೂ ಮುಟ್ಟಿಲ್ಲ. ಮೂರನೆಯ ಗೋಡೆಯಿಂದ ತಿರುಗಿ ಮೋರಿಗೇ ಹೋಗುತ್ತದೆ. ಮೂರನೆಯ ಮನೆಯವರು ನಿವೃತ್ತ ಗಂಡಹೆಂಡಿರು, ಮಾತಿಗೆ ಜನವಿಲ್ಲದವರು. ಮೇಷ್ಟ್ರು ವಾರಕ್ಕೊಮ್ಮೆ ಸಂಜೆ ಅಲ್ಲಿಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಊರಿನ ಮಾತು, ಮಕ್ಕಳ ಮಾತು, ಮೊಣಕಾಲು ನೋವಿನ ಮಾತು ಆಗುತ್ತವೆ. ಗೋಡೆಯ ಮಾತನ್ನು ಅವರು ಇನ್ನೂ ಎತ್ತಿಲ್ಲ.